ಮೂಲೆಯಲ್ಲೊಂದು ಭತ್ತದ ತೆನೆ

ಮಾಸಪತ್ರಿಕೆ ಕೈಗೆ ಬಂದಾಗ ಜನ ಮೊದಲು ಏನನ್ನು ನೋಡುತ್ತಾರೆಂಬುದು ಅವರವರ ಸಂಸ್ಕಾರಕ್ಕೆ ಬಿಟ್ಟ ವಿಷಯ. ನಮ್ಮ ನೆರೆಮನೆಯ ವಕೀಲರು ಯಾವ ಪತ್ರಿಕೆಯಲ್ಲಾದರೂ ಹತ್ತಿಯ ಧಾರಣೆಯನ್ನು ಹುಡುಕುತ್ತಾರೆ. ಅದು ಕವಿತೆಗಳಿಗೇ ಮೀಸಲಾದ ಪತ್ರಿಕೆಯಾಗಿದ್ದರೂ ಅವರ ಆಸೆ ಬತ್ತುವುದಿಲ್ಲ. ನನ್ನ ಹೆಂಡತಿ ಹಾಳೆಯ ಉದ್ದಗಲವನ್ನು ನೋಡುತ್ತಾಳೆ, ಏಕೆಂದರೆ ನಾನು ಓದಿ ಮುಗಿಸಿದ ಮೇಲೆ ಅದು ಅವಳ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಲು ಸಾಲಬೇಕು. ನಾನೋ, ಚಿತ್ರದ ಕೆಳಗಿನ ಮೂಲೆಯನ್ನು ನೋಡುತ್ತೇನೆ. ಅಲ್ಲಿ ಇರುವೆ ಕುಳಿತಂತೆ ಒಂದು ಸಹಿ ಇರುತ್ತದೆ. ಕಥೆಗಾರನ ಹೆಸರು ಶಿರೋಭಾಗದಲ್ಲಿ ದಪ್ಪಕ್ಷರಗಳಲ್ಲಿ ವಿರಾಜಿಸುತ್ತಿರುವಾಗ, ಆ ಕಥೆಗೆ ಕಣ್ಣು ಮೂಗು ಕೊಟ್ಟ ಪುಣ್ಯಾತ್ಮ ಮಾತ್ರ, ಮದುವೆಮನೆಯ ಬಡ ಬಂಧುವಿನ ಹಾಗೆ, ಮೂಲೆಯಲ್ಲಿ ಮುದುರಿ ನಿಂತಿರುತ್ತಾನೆ. ಆತನನ್ನು ಮಾತನಾಡಿಸದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಇದು ಕಲಾವಿದನೊಬ್ಬನು ಸಹಕಲಾವಿದರ ಮೇಲೆ ತೋರುವ ಅಭಿಮಾನವೆಂದು ನೀವು ಭಾವಿಸಿದರೆ ಅದು ನಿಮ್ಮ ಔದಾರ್ಯ. ಬಳ್ಳಾರಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಒಮ್ಮೆ ಗೋವಿನ ಪದ್ಯ ಹೇಳುವಾಗ ಕಪ್ಪುಹಲಗೆಯ ಮೇಲೆ ಗೋವನ್ನೇ ಬರೆದೆ. ತರಗತಿ ಭಕ್ತಿಯಿಂದ ನೋಡಿತು. ಕೊನೆಗೆ ಮುಂದಿನ ಸಾಲಿನಿಂದ ಒಂದು ದನಿ, "ಸಾರ್, ಮಂಚದ ಮ್ಯಾಲೆ ಯಾರು ಮಲಗ್ಯಾರ್ರಿ?" ಎಂದು ಕೇಳಿತು. ಅಂದಿನಿಂದ ನನ್ನ ಚಿತ್ರಕಲೆ ವಿಶ್ರಾಂತಿ ಪಡೆಯಿತು, ಚಿತ್ರಗಾರರ ಮೇಲಿನ ಪ್ರೀತಿ ಬೆಳೆಯಿತು. ಪತ್ರಿಕೆಗಳಿಂದ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸತೊಡಗಿದೆ. ಒಬ್ಬಾತ ಲೇಖನಿಯನ್ನು ಎತ್ತದೆಯೇ ಒಂದೇ ಗೆರೆಯಲ್ಲಿ ಸೀರೆಯ ನೆರಿಗೆಗಳನ್ನೆಲ್ಲ ಇಳಿಸಿಬಿಡುತ್ತಿದ್ದ. ಇನ್ನೊಬ್ಬಾತ ಎಂಥ ಘೋರ ದುರಂತದ ಚಿತ್ರದಲ್ಲೂ ಎಲ್ಲಾದರೊಂದು ಕಡೆ ನಿಶ್ಚಿಂತೆಯಿಂದ ಮಲಗಿದ ಬೆಕ್ಕನ್ನು ಅಡಗಿಸಿಡುತ್ತಿದ್ದ. ನಾಯಕಿ ಪ್ರಾಣ ಬಿಡುತ್ತಿದ್ದರೂ ನಾನು ಬೆಕ್ಕನ್ನು ಹುಡುಕುತ್ತಿದ್ದೆ. ಇವರೆಲ್ಲ ನಮ್ಮ ಕಾಲದವರು, ನಮ್ಮಂತೆಯೇ ರೇಷನ್ ಅಂಗಡಿಯ ಮುಂದೆ ನಿಲ್ಲುವವರು. ಇವರ ಚಿತ್ರಗಳನ್ನು ನಮ್ಮ ಶಾಲೆಯ ಸಭಾಂಗಣದಲ್ಲಿ ಸಾಲಾಗಿ ತೂಗುಹಾಕಿ, ಹತ್ತಿರದಲ್ಲಿರುವವರನ್ನು ಕರೆಸಿ, ಒಂದು ಹಾರ ಹಾಕಬೇಕೆಂಬ ಹುಚ್ಚು ನನಗೆ ಹಿಡಿಯಿತು. ಸತ್ತ ಕಲಾವಿದರನ್ನು ಗೌರವಿಸುವುದು ಸುಲಭ. ಅವರು ಸಭೆಗೆ ಬರುವುದೂ ಇಲ್ಲ, ಮುನಿಸಿಕೊಳ್ಳುವುದೂ ಇಲ್ಲ. ನನಗೆ ಬದುಕಿರುವವರೇ ಬೇಕಾಗಿತ್ತು.

ಅವರಲ್ಲಿ ಎಲ್ಲರಿಗಿಂತ ಬೇಕಾಗಿದ್ದವರು ಒಬ್ಬರು, ಹೆಸರಿಲ್ಲದವರು. ಅವರ ವಿಷಯ ಹೇಳಬೇಕಾದರೆ ನನ್ನ ಗೆಳೆಯ ಗಾದಿಲಿಂಗಪ್ಪನ ವಿಷಯ ಹೇಳಬೇಕು. ಆತ ಬಳ್ಳಾರಿಯಿಂದ ಮಕ್ಕಳ ಮಾಸಪತ್ರಿಕೆಯೊಂದನ್ನು ಹೊರಡಿಸುತ್ತಿದ್ದ. ಮಾಸಪತ್ರಿಕೆ ಎಂಬುದು ಅದರ ಬಿರುದೇ ಹೊರತು ಅಭ್ಯಾಸವಾಗಿರಲಿಲ್ಲ. ಯುದ್ಧದ ಕಾಲ, ಕಾಗದಕ್ಕೆ ಬರ, ಚಿತ್ರಗಳ ಸತುವಿನ ಅಚ್ಚುಗಳು ಮದರಾಸಿನಿಂದ ಬರುವುದು ನಿಂತುಹೋಗಿತ್ತು. ಗಾದಿಲಿಂಗಪ್ಪ ಎದೆಗುಂದದೆ ಕೌಲ್ ಬಜಾರಿನ ಖಾಸಿಂ ಸಾಬರ ಬಳಿಗೆ ಹೋದ. ಅವರು ಬಟ್ಟೆಗೆ ಬಣ್ಣ ಒತ್ತುವ ಮರದ ಅಚ್ಚುಗಳನ್ನು ಕೆತ್ತುವವರು. ಚಿತ್ರವನ್ನು ಹಲಗೆಗೆ ಅಂಟಿಸಿ, ಗೆರೆ ಬಿಟ್ಟು ಉಳಿದುದನ್ನೆಲ್ಲ ಉಳಿಯಿಂದ ತೆಗೆದು, ಅಕ್ಷರದ ಮೊಳೆಗಳ ಜೊತೆ ಕೂರಿಸುವಂಥ ಅಚ್ಚನ್ನು ಅವರು ಮಾಡಿಕೊಟ್ಟರು. ಸಂಪಾದಕನ ಇನ್ನೊಂದು ವೈಶಿಷ್ಟ್ಯವೆಂದರೆ, ಎಲ್ಲರೂ ಕಥೆಗೆ ಚಿತ್ರ ಬರೆಸಿದರೆ, ಆತ ಚಿತ್ರಕ್ಕೆ ಕಥೆ ಬರೆಯುತ್ತಿದ್ದ. ಓದುಗರು ಕಳಿಸಿದ ಚಿತ್ರಗಳಲ್ಲಿ ಚೆನ್ನಾದುದನ್ನು ಆರಿಸಿ, ಅದನ್ನು ದಿಟ್ಟಿಸಿ ನೋಡಿ, ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ, ಅದರ ಕೆಳಗೊಂದು ಕಥೆ ಹೆಣೆಯುತ್ತಿದ್ದ.

ಹಾಗೆ ಬಂದ ಚಿತ್ರಗಳಲ್ಲಿ ಕೆಲವಕ್ಕೆ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಕೆಳಗಿನ ಮೂಲೆಯಲ್ಲಿ ತಲೆಬಾಗಿದ ಒಂದು ಪುಟ್ಟ ಭತ್ತದ ತೆನೆ. ಏನು ಗೆರೆ ಅದು! ರೊಟ್ಟಿ ತಟ್ಟುವ ಹೆಂಗಸನ್ನು ಬರೆದರೆ ಬಡಿತದ ಸದ್ದು ಕೇಳಬೇಕು. ಕಾಲುವೆಯಲ್ಲಿ ಎಮ್ಮೆ ಮಲಗಿದ್ದರೆ ನಮಗೆ ತಂಪಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬ ದೈತ್ಯಾಕಾರದ ಮನುಷ್ಯ ಅನ್ನದ ಗುಡ್ಡದ ಮುಂದೆ ಕುಳಿತು ಉಣ್ಣುವ ಚಿತ್ರ. ಮೀಸೆಯ ಒಂದು ತುದಿ ಆಕಾಶಕ್ಕೆ, ಇನ್ನೊಂದು ಭೂಮಿಗೆ. ಕೆನ್ನೆಯ ಮೇಲೆ ಗುಲಗಂಜಿಯಂಥ ಮಚ್ಚೆ. ಮುಖದಲ್ಲಿ ಯೋಗಿಗಳಿಗೂ ದುರ್ಲಭವಾದ ಏಕಾಗ್ರತೆ. ಗಾದಿಲಿಂಗಪ್ಪ ಆತನನ್ನು ರಾಕ್ಷಸನನ್ನಾಗಿ ಮಾಡಿ ಕಥೆ ಬರೆದ. ಮಕ್ಕಳು ಹುಚ್ಚೆದ್ದು ಹೋದರು.

ಆದರೆ ಪತ್ರಿಕೆ ಹೊರಬಿದ್ದ ಮೇಲೆ ಒಬ್ಬ ಆಚಾರವಂತರು ಕಚೇರಿಗೇ ಬಂದು, ಎಳೆಯ ಮಕ್ಕಳಿಗೆ ಎಡಗೈಯಲ್ಲಿ ಉಣ್ಣುವುದನ್ನು ಕಲಿಸುತ್ತೀರಾ ಎಂದು ಗದರಿದರು. ನೋಡಿದರೆ ಹೌದು! ಮೂಲ ಚಿತ್ರದಲ್ಲಿ ಬಲಗೈ, ಅಚ್ಚಿನಲ್ಲಿ ಎಡಗೈ. ಖಾಸಿಂ ಸಾಬರು ಚಿತ್ರವನ್ನು ಹಲಗೆಗೆ ನೇರವಾಗಿ ಅಂಟಿಸಿ ಕೆತ್ತಿದ್ದರು. ಒತ್ತಿದಾಗ ಎಲ್ಲ ಮಗುಚಿ ಬಿದ್ದಿತ್ತು. ಕೇಳಲು ಹೋದಾಗ ಅವರು ತಾವೇ ಹೊಟ್ಟೆ ಹಿಡಿದು ನಕ್ಕರು. "ನಾ ಕೆತ್ತೋದು ಬಳ್ಳಿ, ಮಾವಿನಕಾಯಿ, ನವಿಲು ಸ್ವಾಮಿ. ಸೀರಿ ಮ್ಯಾಲಿನ ನವಿಲು ಯಾ ಕಡಿ ತಿರುಗಿದ್ರೂ ನವಿಲೇ. ಉಣ್ಣೋ ಮನಷ್ಯಾನ್ನ ಇದೇ ಮೊದ್ಲು ಕೆತ್ತೀನಿ. ಅಂವಗ ಒಂದು ಬಲಗೈ ಐತಿ ಅಂಬೋದು ಯಾರಿಗೆ ನೆನಪಿರ್ತೈತ್ರಿ?" ಇನ್ನು ಮುಂದೆ ಚಿತ್ರವನ್ನು ಕವುಚಿ ಅಂಟಿಸಬೇಕೆಂದು ತೀರ್ಮಾನವಾಯಿತು. ಗಾದಿಲಿಂಗಪ್ಪ ಮಾತ್ರ ಆಚಾರವಂತರಿಗೆ, ರಾಕ್ಷಸರು ಎಡಗೈಯಲ್ಲೇ ಉಣ್ಣುವುದು ಎಂದು ಹೇಳಿ ಕಳಿಸಿದ. ಅವರಿಗೆ ಪೂರ್ಣ ಸಮಾಧಾನವಾಯಿತು.

ಭತ್ತದ ತೆನೆಯ ಕಲಾವಿದನನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಲಕೋಟೆಗಳ ಮೇಲೆ ಕುರುಗೋಡಿನ ಅಂಚೆಮುದ್ರೆ ಇತ್ತು. ಒಂದು ರಜೆಯ ದಿನ ಹೋಗಿ ಅಂಚೆಮನೆಯಲ್ಲಿ ವಿಚಾರಿಸಿದರೆ, ಅವರು ಗುಡ್ಡದ ಬದಿಯ ಒಂದು ಮನೆಯನ್ನು ತೋರಿಸಿದರು. ಬಾಗಿಲು ತೆರೆದದ್ದು ಹಿರಿಯ ಹೆಂಗಸು. ನಾನು ತಂದಿದ್ದ, ರೊಟ್ಟಿ ತಟ್ಟುವ ಹೆಂಗಸಿನ ಚಿತ್ರವನ್ನು ನೋಡಿ ಅವರ ಮುಖ ಅರಳಿತು, ಮರುಕ್ಷಣ ಬಾಡಿತು.

"ನಮ್ಮ ನೀಲವ್ವ ಬರದದ್ದು ರೀ," ಎಂದರು ತಗ್ಗಿದ ದನಿಯಲ್ಲಿ. "ಮಗಳು. ಸಿರುಗುಪ್ಪಕ್ಕ ಕೊಟ್ಟೀವಿ. ಸಣ್ಣಾಕಿದ್ದಾಗಿಂದ ಇದ್ದಲಿ ತಗೊಂಡು ಗ್ವಾಡಿ ತುಂಬ ಬರಿಯಾಕಿ. ಈಗ ಇಲ್ಲಿಗೆ ಬಂದಾಗ ಬರದು ಅಂಚಿಗೆ ಹಾಕಿ ಹೋಗ್ತಾಳ. ಅಲ್ಲಿ ಅಕಿ ಮಾವಗ ಗೊತ್ತಿಲ್ರಿ. ಭಾಳ ಬಿಗಿ ಮನಷ್ಯಾ. ಗೊತ್ತಾತಂದ್ರ ಅಕಿ ಕೈ ಕಟ್ಟಿಹಾಕಿಬಿಡ್ತಾರ. ಬರಿಯೂದು ನಿಂತ್ರ ಅಕಿ ಉಳಿಯಂಗಿಲ್ರಿ ಸಾಮಿ."

ಸಭೆ, ಹಾರ, ಗೌರವ ಎಂದು ಉಬ್ಬಿಕೊಂಡು ಹೋಗಿದ್ದ ನನ್ನ ಗಾಳಿಯೆಲ್ಲ ಇಳಿದುಹೋಯಿತು. ಮೂಲೆಯಲ್ಲಿ ಹೆಸರಿಲ್ಲದಿರುವುದಕ್ಕೂ ಒಂದು ಕಾರಣವಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಆದರೂ ಅಷ್ಟು ದೂರ ಬಂದು ಕಲಾವಿದೆಯನ್ನು ಕಾಣದೆ ಹಿಂದಿರುಗಲು ಮನಸ್ಸು ಒಪ್ಪಲಿಲ್ಲ. ತಾಯಿಯೇ ಉಪಾಯ ಹೇಳಿದರು: ಮಗಳಿಗೊಂದು ಬುತ್ತಿ ಕಟ್ಟಿಕೊಡುವುದು, ನಾನು ಊರ ಕಡೆಯ ಪರಿಚಯದ ಮೇಷ್ಟ್ರಾಗಿ ಅದನ್ನು ಮುಟ್ಟಿಸುವುದು, ಸಾಧ್ಯವಾದರೆ ಆಕೆಗೊಂದು ನಮಸ್ಕಾರ ಹೇಳುವುದು, ಚಿತ್ರದ ಸೊಲ್ಲೆತ್ತದೆ ಬರುವುದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಒಂದು ಬಿಳಿಯ ವಸ್ತ್ರದಲ್ಲಿ ನನ್ನ ಕೈ ಸೇರಿತು. ರಾಯಭಾರಿಯ ಗಾಂಭೀರ್ಯದಿಂದ ನಾನು ಬಸ್ಸು ಹತ್ತಿದೆ.

ಆ ಕಾಲದ ಬಸ್ಸುಗಳು ಪೆಟ್ರೋಲನ್ನು ಸೈನ್ಯಕ್ಕೆ ಬಿಟ್ಟುಕೊಟ್ಟು, ಬೆನ್ನಿಗೊಂದು ಇದ್ದಿಲ ಒಲೆಯನ್ನು ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಗೌರವಾರ್ಥಕ. ಏರು ಬಂದಾಗ ಪ್ರಯಾಣಿಕರೇ ಇಳಿದು ಅದನ್ನು ಸಿರುಗುಪ್ಪದ ಕಡೆಗೆ ಒಯ್ಯುತ್ತಿದ್ದೆವು. ಮಸಿ ಎಲ್ಲರ ಮೇಲೂ ನಿಷ್ಪಕ್ಷಪಾತವಾಗಿ ಸುರಿಯುತ್ತಿತ್ತು. ನನ್ನ ಅಂಗಿಯ ಮೇಲೆ ಬಿದ್ದರೆ ಬೀಳಲಿ, ತಾಯಿ ಮಗಳಿಗೆ ಕಳಿಸಿದ ಬುತ್ತಿಯ ಮೇಲೆ ಬೀಳಬಾರದೆಂದು, ಚೀಲದಲ್ಲಿ ಕೈಗೆ ಸಿಕ್ಕ ಒಂದು ಕಾಗದವನ್ನು ತೆಗೆದು, ಗಂಟು ಬಿಚ್ಚಿ, ಒಳಗಿನ ರೊಟ್ಟಿಗಳಿಗೆ ಜಾಣತನದಿಂದ ಸುತ್ತಿ ಮತ್ತೆ ಕಟ್ಟಿದೆ. ಗೆಳೆಯನ ಪತ್ರಿಕೆಯ ಕರಡು ತಿದ್ದುವ ನನ್ನ ಚೀಲದಲ್ಲಿ ಯಾವಾಗಲೂ ಅಚ್ಚಿನ ಹಾಳೆಗಳು ಇರುತ್ತಿದ್ದವು.

ಸಿರುಗುಪ್ಪದಲ್ಲಿ ಇಳಿದು, ನೀಲಮ್ಮನನ್ನು ಕೊಟ್ಟಿದ್ದ ಪಂಪನಗೌಡರ ಮನೆಯ ಪಡಸಾಲೆಗೆ ಕಾಲಿಟ್ಟೆ, ಅಲ್ಲೇ ನಿಂತುಬಿಟ್ಟೆ. ಎದುರಿಗೆ ಕುಳಿತಿದ್ದಾನೆ ರಾಕ್ಷಸ! ಅದೇ ದೇಹ, ಅದೇ ಮೀಸೆ, ಅದೇ ಮಚ್ಚೆ. ಆದರೂ ಏನೋ ಒಂದು ವ್ಯತ್ಯಾಸ. ಕ್ಷಣ ಹೊತ್ತಿನ ಮೇಲೆ ಹೊಳೆಯಿತು, ಎಲ್ಲವೂ ಆಚೆ ಬದಿಗಿದೆ. ಖಾಸಿಂ ಸಾಬರ ಕೈವಾಡ. ನೀಲಮ್ಮನ ಚಿತ್ರದ ಆ ಮಹಾಪುರುಷ ಆಕೆಯ ಮಾವನೇ ಎಂಬುದನ್ನು ತಾಯಿಯೂ ನನಗೆ ಹೇಳಿರಲಿಲ್ಲ. ನಾನು ಅವರಿಗೆ ತೋರಿಸಿದ್ದು ರೊಟ್ಟಿ ತಟ್ಟುವ ಹೆಂಗಸನ್ನಷ್ಟೆ, ರಾಕ್ಷಸನನ್ನಲ್ಲ.

"ಬರ್ರಿ ಮೇಷ್ಟ್ರೇ, ಕುಂದರ್ರಿ. ಬೀಗರ ಮನಿ ಬುತ್ತಿ ತಂದೀರೇನು?" ಎಂದು ಗೌಡರು ಗುಡುಗಿದರು, ಅವರ ಮೆಲುದನಿಯೇ ಅದು. ತವರಿನ ಬುತ್ತಿಯನ್ನು ಮನೆಯ ಹಿರಿಯರು ಪಡಸಾಲೆಯಲ್ಲಿ ಬಿಚ್ಚಿ, ಕುಳಿತವರಿಗೆಲ್ಲ ಮುರಿದು ಕೊಟ್ಟು ಒಳಗೆ ಕಳಿಸುವುದು ಅಲ್ಲಿಯ ರೂಢಿ. ಪಡಸಾಲೆಯಲ್ಲಿದ್ದ ಇಬ್ಬರು ರೈತರು, ಗೌಡರ ಒಕ್ಕಲು ಮಕ್ಕಳು, ಹತ್ತಿರ ಸರಿದರು. ಗೌಡರು ಗಂಟು ಬಿಚ್ಚಿದರು, ಕಾಗದ ಬಿಡಿಸಿದರು, ರೊಟ್ಟಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಎಣ್ಣೆ ಹೀರಿ ಇನ್ನಷ್ಟು ಸ್ಪಷ್ಟವಾಗಿದ್ದ ಆ ಹಾಳೆಯ ಮೇಲೆ, ಅನ್ನದ ಗುಡ್ಡದ ಮುಂದೆ, ರಾಕ್ಷಸ ಉಣ್ಣುತ್ತಿದ್ದ. ನಾನು ಯಾವ ಹಾಳೆಯನ್ನು ಸುತ್ತಿದ್ದೆನೆಂಬುದು ನನಗೆ ಆಗ ತಿಳಿಯಿತು.

ಒಬ್ಬಾತ ಬಗ್ಗಿ ನೋಡಿ, "ಗೌಡ್ರ, ನಿಮ್ಮಂಗಽ ಕಾಣ್ತೈತಲ್ರಿ!" ಎಂದ.

"ಎಲ್ಲಿ ಗೌಡ್ರಲೇ?" ಎಂದ ಇನ್ನೊಬ್ಬ. "ಗೌಡ್ರ ಮಚ್ಚಿ ಈ ಕಡಿ ಐತಿ, ಇಂವಂದು ಆ ಕಡಿ. ಮೀಸಿ ನೋಡು, ತಿರುವುಮುರುವು. ಎಡಗೈಲೆ ಬ್ಯಾರೆ ಉಣ್ಣಾಕತ್ತಾನ. ಇಂವ ಯಾವನೋ ಬ್ಯಾರೆ."

ಅಬ್ಬಾ! ಕೌಲ್ ಬಜಾರಿನ ದಿಕ್ಕಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಖಾಸಿಂ ಸಾಬರ ತಪ್ಪು ಒಬ್ಬ ಹೆಣ್ಣುಮಗಳ ಲೇಖನಿಯನ್ನು ಉಳಿಸಿತೆಂದುಕೊಂಡು ಉಸಿರು ಬಿಡುವಷ್ಟರಲ್ಲಿ, ಗೌಡರು ಎದ್ದರು. ಗೂಡಿನಲ್ಲಿದ್ದ ಸಣ್ಣ ಕನ್ನಡಿಯನ್ನು ತಂದರು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಕಾಗದ. ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದರು. ನನ್ನ ಉಸಿರು ಹೋದಲ್ಲಿಗೇ ಹಿಂದಿರುಗಿತು.

"ಇದು ನಾನಽ," ಎಂದರು.

"ಅಲ್ರಿ ಗೌಡ್ರ, ಮಚ್ಚಿ…"

"ಸುಮ್ಮಕಿರಲೇ. ನನ್ನ ಮಾರಿ ನನಗ ಗೊತ್ತಿಲ್ಲೇನು? ದಿನಾ ಮುಂಜಾನಿ ವಿಭೂತಿ ಹಚ್ಕೊಳ್ಳಾಗ ಇದಽ ಮಾರಿ ನನ್ನ ನೋಡ್ತೈತಿ." ಗೋಡೆಯ ಮೇಲೆ ತೂಗುಹಾಕಿದ್ದ ತಮ್ಮ ಫೋಟೋದ ಕಡೆಗೆ ಅವರು ಗದ್ದ ತಿರುಗಿಸಿದರು. "ಬಳ್ಳಾರಿಗೆ ಹೋಗಿ ಅದನ್ನ ತೆಗಿಸಿದೆ. ಊರ ಮಂದಿ ಎಲ್ಲಾ ಬರೋಬ್ಬರಿ ಗೌಡ್ರ ಅಂದ್ರು. ನನಗ ಮಾತ್ರ ಅದ್ರಾಗ ಯಾವನೋ ನನ್ನ ಅಣ್ಣತಮ್ಮ ಕುಂತಂಗ ಕಾಣ್ತೈತಿ. ಯಾರಿಗೆ ಹೇಳಲಿ? ನನ್ನ ಮಾರಿ ಇದಲ್ಲ ಅಂದ್ರ ಹುಚ್ಚು ಹಿಡದೈತಿ ಅಂತಿದ್ರಿ." ಅವರ ಬೆರಳು ಚಿತ್ರದ ಮೇಲೆ ಮೆಲ್ಲಗೆ ಇಳಿದು ಕೆಳಗಿನ ಮೂಲೆಯಲ್ಲಿ ನಿಂತಿತು. ಆಮೇಲೆ ಅವರು ತಲೆಯೆತ್ತಿ ಬಾಗಿಲ ಮೇಲ್ಗಡೆ ನೋಡಿದರು. ಅಲ್ಲಿ ಸುಣ್ಣದಲ್ಲಿ ಬರೆದ, ತಲೆಬಾಗಿದ ಭತ್ತದ ತೆನೆಗಳ ಸಾಲು.

"ನೀಲವ್ವಾ!"

ಬಾಗಿಲ ಮರೆಯಲ್ಲೇ ಇದ್ದಿರಬೇಕು, ಆಕೆ ಹೊರಗೆ ಬಂದರು. ತೆಳ್ಳನೆಯ ಹೆಣ್ಣುಮಗಳು, ಬೆರಳ ತುದಿಯಲ್ಲಿ ಸುಣ್ಣ. ಇದನ್ನು ಬರೆದದ್ದು ನೀನೇನು ಎಂದು ಮಾವ ಕೇಳಿದರು. ಹೌದೆಂದು ಸೊಸೆ ತಲೆಯಾಡಿಸಿದರು. ಕೆಳಗಿನ ಅಕ್ಷರಗಳನ್ನು ಓದೆಂದರು. ಆಕೆ ಓದತೊಡಗಿ, ಮೊದಲ ಸಾಲಿನ 'ರಾಕ್ಷಸ' ಎಂಬಲ್ಲಿಗೆ ಬಂದು ತಡವರಿಸಿ ನಿಂತರು. ಪತ್ರಿಕೆ ಆ ಮನೆಗೆ ಬರುತ್ತಿರಲಿಲ್ಲ. ತಮ್ಮ ಚಿತ್ರದ ಕೆಳಗೆ ಏನು ಬರುತ್ತದೆಂಬುದು ಆಕೆಗೆ ಗೊತ್ತೇ ಇರಲಿಲ್ಲ.

"ನಾ ಸುಗ್ಗಿ ಊಟ ಬರದಿದ್ದೆ ಮಾವಾರ," ಎಂದರು, ಕಣ್ಣಲ್ಲಿ ನೀರು ತುಂಬಿತ್ತು. "ನೀವು ಉಣ್ಣೂದು ನೋಡಾಕ ಚೆಂದ, ಅದಕ್ಕ ಬರದೆ. ರಾಕ್ಷಸ ಅಂತ ನಾ ಬರದಿಲ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮಿತ್ರದ್ರೋಹ ಮಹಾಪಾಪವೆಂದು ಶಾಸ್ತ್ರ ಹೇಳುತ್ತದೆ. ಆದರೆ ಶಾಸ್ತ್ರಕಾರರು ಪಂಪನಗೌಡರ ಪಡಸಾಲೆಯಲ್ಲಿ ಕುಳಿತವರಲ್ಲ. ಅಪರಾಧವೆಲ್ಲ ಗಾದಿಲಿಂಗಪ್ಪನದೆಂದು, ಚಿತ್ರಕ್ಕೆ ಕಥೆ ಕಟ್ಟುವ ಆತನ ವಿಪರೀತ ಪದ್ಧತಿಯೇ ಇದಕ್ಕೆ ಕಾರಣವೆಂದು ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಗೌಡರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು.

"ಮುಂದ ಓದವ್ವಾ. ರಾಕ್ಷಸ ಕಡೀಕ ಏನಾದ?"

ಸೊಸೆ ಕಣ್ಣೊರಸಿಕೊಂಡು ಓದಿದರು. ಗಾದಿಲಿಂಗಪ್ಪನದು ಮೃದು ಹೃದಯ. ಆತನ ಕಥೆಗಳಲ್ಲಿ ಯಾರೂ ಸಾಯುವುದಿಲ್ಲ. ಹೊಟ್ಟೆ ತುಂಬಿದ ರಾಕ್ಷಸನಿಗೆ ಊರವರು ಕಾಲುವೆ ಕಾಯುವ ಕೆಲಸ ಕೊಟ್ಟರು, ಅಂದಿನಿಂದ ಯಾರ ಗದ್ದೆಗೂ ನೀರಿನ ಅನ್ಯಾಯವಾಗಲಿಲ್ಲ ಎಂದು ಕಥೆ ಮುಗಿಯಿತು. ಒಕ್ಕಲು ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿರುಗುಪ್ಪದ ಆ ಬದಿಯ ಗದ್ದೆಗಳಿಗೆ ನೀರಿನ ಸರದಿ ನೋಡುವವರು ಪಂಪನಗೌಡರೇ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಗೌಡರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಮೀಸೆ, ಆಮೇಲೆ ಪಡಸಾಲೆಯೇ ಕುಲುಕುವಂತೆ ಅವರು ನಕ್ಕರು.

"ಬರಿಯವ್ವಾ, ಮನ್ಯಾಗಽ ಕುಂತು ಬರಿ," ಎಂದರು. "ತವರಿಗೆ ಹೋಗೂತನಕ ಯಾಕ ಕಾಯ್ತಿ? ಆದ್ರ ನಾ ಉಣ್ಣೂದು ಸಾಕು. ಊರ ದಿಟ್ಟಿ ತಗಲ್ತೈತಿ."

ಆ ಮಾತು ಕೇಳಿದಾಗ ಆಕೆಯ ಮುಖದಲ್ಲಿ ಮೂಡಿದ ಬೆಳಕನ್ನು ಬರೆಯಬಲ್ಲ ಚಿತ್ರಗಾರ ನನ್ನ ಗೋಡೆಯ ಮೇಲೆ ಯಾರೂ ಇರಲಿಲ್ಲ. ನನ್ನ ಕಣ್ಣೂ ಒದ್ದೆಯಾಯಿತು. ಗುರೆಳ್ಳು ಚಟ್ನಿಯ ಖಾರವೆಂದು ಹೇಳಿಕೊಂಡೆ. ಎದೆಯ ಮೇಲಿನ ಭಾರವಿಳಿದ ಮೇಲೆ ತಿಂದ ಆ ಸಜ್ಜೆ ರೊಟ್ಟಿಯ ರುಚಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಹಿಂದಿರುಗುವ ದಾರಿಯಲ್ಲಿ ಬಸ್ಸನ್ನು ತಳ್ಳುತ್ತ ನಾನು ಯೋಚಿಸಿದೆ. ಎಂಥ ಸೋಜಿಗ ನೋಡಿ! ನಮ್ಮ ಮುಖವನ್ನು ಲೋಕವೆಲ್ಲ ಒಂದು ಬಗೆಯಲ್ಲಿ ಕಾಣುತ್ತದೆ, ನಾವೊಬ್ಬರು ಮಾತ್ರ ಇನ್ನೊಂದು ಬಗೆಯಲ್ಲಿ ಕಾಣುತ್ತೇವೆ. ಕನ್ನಡಿಯಲ್ಲಿರುವ ಆ ಮನುಷ್ಯನನ್ನು ನಮ್ಮನ್ನು ಬಿಟ್ಟು ಬೇರೆ ಯಾರೂ ಕಂಡವರಿಲ್ಲ. ಅವನ ಜೊತೆ ನಾವು ಒಬ್ಬಂಟಿಯಾಗಿಯೇ ಮುದುಕರಾಗುತ್ತೇವೆ. ಒಂದು ದಿನ ಯಾವುದೋ ಕಾಗದದಲ್ಲಿ ಅವನೇ ಎದುರಾಗಿ, ನಿನ್ನನ್ನು ಇನ್ನೊಬ್ಬರೂ ಕಂಡಿದ್ದಾರೆ ಎಂದರೆ, ಎಂಥ ಬಿಗಿ ಮನುಷ್ಯನೂ ಸಡಿಲವಾಗದೆ ಇರುತ್ತಾನೆಯೇ? ಅದು ತಪ್ಪು ಅಚ್ಚಿನ ಪುಣ್ಯ ನಿಜ. ಆದರೆ ಕೆತ್ತುವುದಕ್ಕೆ ಮೊದಲು ಯಾರೋ ಒಬ್ಬರು ಆ ಮುಖವನ್ನು ಪ್ರೀತಿಯಿಂದ ನೋಡಿರಲೇಬೇಕಲ್ಲ.

ನಮ್ಮ ಚಿತ್ರೋತ್ಸವ ಸಾಂಗವಾಗಿ ನಡೆಯಿತು. ಸೀರೆಯ ನೆರಿಗೆಯವರೂ ಬೆಕ್ಕಿನವರೂ ಬಂದಿದ್ದರು. ಬೆಕ್ಕಿನವರಿಗೆ ಬೆಕ್ಕೆಂದರೆ ಆಗುವುದಿಲ್ಲವೆಂದು ತಿಳಿದು ನನಗೆ ಸ್ವಲ್ಪ ನಿರಾಶೆಯಾಯಿತು. ನೀಲಮ್ಮ ತಾಯಿಯೊಡನೆ ಬಂದು ಹಾರ ಹಾಕಿಸಿಕೊಂಡರು. ಪಂಪನಗೌಡರು ತಮ್ಮ ಚಿತ್ರದ ಪಕ್ಕದಲ್ಲಿ ನಿಂತು, ಮಚ್ಚೆಯ ವಿಷಯ ಕೇಳಿದವರಿಗೆಲ್ಲ ಕನ್ನಡಿಯ ತತ್ವವನ್ನು ಬೋಧಿಸಿದರು. ಆ ಬಳಿಕ ನೀಲಮ್ಮ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದರು: ಸಸಿಮಡಿ ಹಾಕುವುದರಿಂದ ಹಿಡಿದು ತಟ್ಟೆಗೆ ಅನ್ನ ಬೀಳುವವರೆಗೆ ಭತ್ತದ ಬಾಳನ್ನೆಲ್ಲ ಮಕ್ಕಳಿಗಾಗಿ ಚಿತ್ರಗಳಲ್ಲಿ ಬರೆಯುವುದು. ತಿಂಗಳಿಗೊಂದರಂತೆ, ಗಾದಿಲಿಂಗಪ್ಪನ ತಿಂಗಳಿಗೊಂದರಂತೆ, ಅವು ಅಚ್ಚಾದವು. ಕಾಲುವೆಯ ಏರಿಯ ಮೇಲೆ ಗೌಡರು ನಿಂತ ಚಿತ್ರ ಬಂದಾಗ ಖಾಸಿಂ ಸಾಬರು ಬಲು ಎಚ್ಚರಿಕೆಯಿಂದ ಕವುಚಿ ಅಂಟಿಸಿ, ಕಲಿತ ಪಾಠದಂತೆ, ಸರಿಯಾಗಿ ಕೆತ್ತಿದರು. ಮರುವಾರವೇ ಗೌಡರು ಪತ್ರಿಕೆಯ ಕಚೇರಿಯಲ್ಲಿ ಪ್ರತ್ಯಕ್ಷ. "ಸಾಮಿ, ಆ ಫೋಟೋದಾವ ಇಲ್ಲಿಗೂ ಬಂದಾನ್ರಿ. ನಾ ಎಲ್ಲಿ ಹೋದೆ?" ಎಂದು ಅವರು ಕೇಳಿದ ದನಿಯಲ್ಲಿ ಕೋಪವಿರಲಿಲ್ಲ, ಕಳೆದುಹೋದವನ ಗಾಬರಿಯಿತ್ತು. ಅಂದಿನಿಂದ ಎಲ್ಲರ ಚಿತ್ರಗಳನ್ನೂ ಸರಿಯಾಗಿ, ಗೌಡರದನ್ನು ಮಾತ್ರ ತಪ್ಪಾಗಿ ಕೆತ್ತಬೇಕೆಂದು ಕೌಲ್ ಬಜಾರಿಗೆ ಕಾಯಂ ಅಪ್ಪಣೆ ಹೋಯಿತು.

ಯುದ್ಧ ಮುಗಿದು ಮದರಾಸಿನ ಸತುವು ಮತ್ತೆ ಬರತೊಡಗಿ ವರ್ಷಗಳಾದರೂ, ಆ ಒಂದು ಮುಖಕ್ಕಾಗಿ ಮರದ ಅಚ್ಚು ಇನ್ನೂ ನಡೆದಿದೆ. ಪತ್ರಿಕೆ ಕೈಗೆ ಬಂದಾಗ ನಾನು ಈಗಲೂ ಮೊದಲು ನೋಡುವುದು ಚಿತ್ರದ ಕೆಳಗಿನ ಮೂಲೆಯನ್ನೇ. ಭತ್ತದ ತೆನೆಯ ಪಕ್ಕದಲ್ಲಿ ಈಗ ನೀಲಮ್ಮ ಎಂಬ ಹೆಸರಿದೆ, ಗೌಡರ ಚಿತ್ರದಲ್ಲೂ ಇದೆ, ನೆಟ್ಟಗೆ, ಓದಬರುವಂತೆ. ಎಲ್ಲವೂ ಮಗುಚಿ ಬೀಳುವ ಆ ಅಚ್ಚಿನಲ್ಲಿ ಹೆಸರೊಂದು ಹೇಗೆ ನೆಟ್ಟಗೆ ನಿಂತಿತೆಂದು ನನಗೆ ಬಹಳ ದಿನ ಸೋಜಿಗವಾಗಿತ್ತು. ಕಳೆದ ಸಲ ಸಿರುಗುಪ್ಪಕ್ಕೆ ಹೋದಾಗ ಕಂಡೆ. ಪಡಸಾಲೆಯಲ್ಲಿ ಸೊಸೆ ಬಗ್ಗಿ ಕುಳಿತು ತಮ್ಮ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ತಿರುವಿ ಬರೆಯುತ್ತಿದ್ದರು. ಅದು ಲೋಕದ ಕಣ್ಣಿಗೆ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ನೋಡಲು, ವಿಭೂತಿಯ ಗೂಡಿನ ಆ ಸಣ್ಣ ಕನ್ನಡಿಯನ್ನು ಅಲುಗಾಡದಂತೆ ಎರಡೂ ಕೈಗಳಲ್ಲಿ ಹಿಡಿದು, ಎದುರಿಗೆ ಕುಳಿತಿದ್ದವರು ಪಂಪನಗೌಡರು.